ಮಸ್ಕಿ ಗಿರಾಕಿಯ ನಾಲ್ಕು ಐಸಿಂಗ್

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಫೋನ್ ಹೊಡೆದುಕೊಂಡಾಗ ಯಶೋಧರಾಳ ಕೈಗಳು ಮೊಣಕೈವರೆಗೆ ಸಕ್ಕರೆ ಪುಡಿಯಲ್ಲಿದ್ದವು. ಪರದೆಯ ಮೇಲೆ ‘ಮಸ್ಕಿ ಗಿರಾಕಿ’ ಎಂದು ಮೂಡಿತ್ತು. ಎತ್ತುವುದು ಬೇಡ ಎಂದುಕೊಳ್ಳುತ್ತಲೇ ಮೂಗಿನ ತುದಿಯಿಂದ ಒತ್ತಿ ಸ್ಪೀಕರ್ ಹಾಕಿದಳು.

“ಮೇಡಂ, ನಾನ್ರಿ, ಶಿವಕಾಂತ.”

“ಗೊತ್ತಾತ್ರಿ. ಹೇಳ್ರಿ.”

“ಅದು... ಫಾಂಡಂಟ್ ಬ್ಯಾಡ ಅನಸಾಕತ್ತೈತ್ರಿ.”

ಯಶೋಧರಾ ಕಣ್ಣು ಮುಚ್ಚಿಕೊಂಡಳು. ಅವಳ ಮುಂದೆ ಮೇಜಿನ ತುಂಬ ಫಾಂಡಂಟ್, ಕೇಕಿಗೆ ಹೊದಿಸುವ ಸಕ್ಕರೆ ಹಿಟ್ಟು, ಹಾಸಿತ್ತು. ಮುಕ್ಕಾಲು ತಾಸು ನಾದಿ, ಚಪಾತಿಗಿಂತ ತೆಳ್ಳಗೆ ಲಟ್ಟಿಸಿದ, ಒಂದು ಗೆರೆಯೂ ಇಲ್ಲದ ಬಿಳಿ ಹಾಳೆ. ಅವನ ಕೇಕಿಗೆ ಅದು ಸರಿಹೋಗುತ್ತದೋ ಇಲ್ಲವೋ ನೋಡಲೆಂದೇ ಮಾಡಿದ್ದು.

“ಯಾಕ ಬ್ಯಾಡ್ರಿ?”

“ಅಜ್ಜಿಗೆ ಹಲ್ಲಿಲ್ಲಲ್ರಿ. ಅದು ಜರಾ ಜಿಗಟು ಆಗತೈತಿ.”

“ಮೊನ್ನಿ ನೀವು ಫಾಂಡಂಟ್ ಮಾಡ್ರಿ ಅಂದಾಗ ಅಜ್ಜಿಗೆ ಹಲ್ಲಿದ್ವೇನ್ರಿ?”

ಆ ಕಡೆಯಿಂದ ತಡೆದುಕೊಂಡ ನಗುವೊಂದು ಕೇಳಿಸಿತು. ಯಶೋಧರಾಗೆ ಆ ನಗುವಿನ ಮೇಲೆ ಸಿಟ್ಟಿತ್ತು. ಇನ್ನೊಂದು ಸಲ ಕೇಳಿಸಲಿ ಎಂದು ಕಿವಿ ಕಾಯುತ್ತಿತ್ತಲ್ಲ, ಆ ಸಿಟ್ಟು.

“ಹಂಗಾದ್ರ ಕ್ರೀಮ್ ಅನ್ರಿ,” ಎಂದಳು.

“ಹೂಂ ರೀ. ಕ್ರೀಮ್ ಪಕ್ಕಾ.”

“ಈ ಪಕ್ಕಾ ಎಷ್ಟು ದಿನ ಇರತೈತ್ರಿ?”

ಅವನು ಉತ್ತರ ಕೊಡುವ ಮೊದಲೇ ಮತ್ತೆ ಮೂಗಿನಿಂದ ಒತ್ತಿ ಫೋನ್ ಇಟ್ಟಳು. ಒಳಗಿನಿಂದ ಅವ್ವ ಅಮರಮ್ಮ, ತಾಲೂಕು ಆಸ್ಪತ್ರೆಯ ಡ್ಯೂಟಿಗೆ ಹೊರಡಲು ಬಿಳಿ ಸೀರೆಯ ನೆರಿಗೆ ಹಿಡಿದುಕೊಂಡೇ ಬಂದಳು.

“ಆ ಹುಡುಗ ಕೇಕ್ ಬೇಕಂತ ಫೋನ್ ಮಾಡ್ತಾನೋ, ಬ್ಯಾಡಂತ ಮಾಡ್ತಾನೋ ಬೇ?”

“ಅದ ನನಗೂ ತಿಳಿವಲ್ದು,” ಎಂದಳು ಯಶೋಧರಾ.

*

ಸಿಂಧನೂರಿನ ಕುಷ್ಟಗಿ ರಸ್ತೆಯ ಆ ಮನೆಯ ಮುಂದಿನ ಕೋಣೆಯಲ್ಲಿ ಅವಳು ಆರು ವರ್ಷಗಳಿಂದ ಕೇಕ್ ಮಾಡುತ್ತಿದ್ದಳು. ಜವಳಗೇರಾದ ಒಬ್ಬ ರೈತನ ಮಗಳ ಹುಟ್ಟುಹಬ್ಬಕ್ಕೆ ಕೆಂಪು ಟ್ರ್ಯಾಕ್ಟರ್ ಮಾಡಿಕೊಟ್ಟಿದ್ದಳು. ಹಟ್ಟಿಯ ಚಿನ್ನದ ಗಣಿ ಕಂಪನಿಯ ಕ್ವಾರ್ಟರ್ಸ್‌ನಲ್ಲಿ ಯಾರಾದರೂ ರಿಟೈರ್ ಆದರೆ, ಗಣಿಯವರ ಹಳದಿ ಹೆಲ್ಮೆಟ್ ಇರುವ ಕೇಕ್ ಇವಳ ಕೈಯಿಂದಲೇ ಹೋಗಬೇಕು. ಸತಾಯಿಸುವ ಗಿರಾಕಿಗಳನ್ನು ಕಂಡಿರಲಿಲ್ಲವೆಂದಲ್ಲ. ಆದರೆ ಶಿವಕಾಂತನಂಥವನನ್ನು ಕಂಡಿರಲಿಲ್ಲ.

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಅವನು ಮೊದಲ ಸಲ ಬಂದಿದ್ದ. ಮೂವತ್ತೆರಡು ಮೂವತ್ಮೂರರ ಪ್ರಾಯ. ಬಿಸಿಲಲ್ಲಿ ಮಸ್ಕಿಯಿಂದ ಬೈಕ್ ಮೇಲೆ ಬಂದರೂ ಅಂಗಿಯ ಇಸ್ತ್ರಿ ಮುರಿದಿರಲಿಲ್ಲ. ಮಸ್ಕಿಯಲ್ಲಿ ಅಪ್ಪ ಶಿವಶರಣಪ್ಪನವರ ಬಟ್ಟೆ ಅಂಗಡಿ ನೋಡಿಕೊಳ್ಳುತ್ತೇನೆ ಎಂದ. ಅಜ್ಜಿ ಬಸವಣ್ಣೆಮ್ಮನಿಗೆ ಎಂಬತ್ತು ತುಂಬುತ್ತದೆ, ಅಜ್ಜಿಯ ತವರು ಲಿಂಗಸೂಗೂರು, ಮೇ ತಿಂಗಳ ಎರಡನೇ ಭಾನುವಾರ ಅಲ್ಲಿಯ ಒಂದು ಹಾಲ್‌ನಲ್ಲಿ ಇನ್ನೂರು ಮಂದಿ ಸೇರುತ್ತಾರೆ, ಮೂರು ಅಂತಸ್ತಿನ ಕೇಕ್ ಬೇಕು, ಮೊಟ್ಟೆ ಇರಬಾರದು ಎಂದ.

ಯಶೋಧರಾ ನಾಲ್ಕು ಬಟ್ಟಲಲ್ಲಿ ಕೇಕಿನ ಮೇಲೆ ಹಚ್ಚುವ ನಾಲ್ಕು ಬಗೆಯ ಐಸಿಂಗ್ ತಂದಿಟ್ಟಳು. ಅವನು ಮೊದಲು ಬಟರ್‌ಕ್ರೀಮ್ ನೆಕ್ಕಿದ. ಕಣ್ಣು ಅರಳಿತು.

“ಇದ ಆಗಲ್ರಿ! ಬೆಣ್ಣಿ ಸಕ್ರಿ ತಿಂದಂಗೈತಿ.”

“ಬೆಣ್ಣಿನ ಅದು. ನಲವತ್ಮೂರು ಡಿಗ್ರಿ ಬಿಸಿಲಾಗ ಇಲ್ಲಿಂದ ಹೊಂಟ್ರ ಮಸ್ಕಿಗೆ ತುಪ್ಪ ಆಗಿರತೈತಿ.”

“ಮತ್ತ ಇದು?” ಲಟ್ಟಿಸಿದ ಫಾಂಡಂಟ್ ತುಣುಕನ್ನು ಅವನು ತಿನ್ನಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿ ನೋಡಿದ. “ಒಳ್ಳೆ ಪಾಪ್ಲಿನ್ ಇದ್ದಂಗೈತಿ.”

ಯಶೋಧರಾಗೆ ನಗು ಬಂತು. ಬಟ್ಟೆ ಅಂಗಡಿಯವನ ಬೆರಳು. ಮೃದುವಾದುದನ್ನು ಕಂಡರೆ ಬಾಯಿಗಿಂತ ಮೊದಲು ಬೆರಳು ಹೋಗುತ್ತದೆ. ಎಷ್ಟು ಹಗುರವಾಗಿ ಹಿಡಿದಿದ್ದ ಎಂದರೆ ಆ ತುಣುಕಿನ ಮೇಲೆ ಗುರುತು ಸಹ ಬಿದ್ದಿರಲಿಲ್ಲ.

ಅವಳು ಬಿಡಿಸಿ ಹೇಳಿದಳು. ಫಾಂಡಂಟ್ ಸಕ್ಕರೆಯ ಹಿಟ್ಟು, ಬಿಸಿಲು ತಡೆಯುತ್ತದೆ, ನೋಡಲು ಚಂದ, ಆದರೆ ಅಗಿಯಬೇಕು. ರಾಯಲ್ ಐಸಿಂಗ್ ಒಣಗಿದರೆ ಕಲ್ಲು, ಕುಟ್ಟಿ ಒಡೆಯಬೇಕು. ಇವೆರಡನ್ನೂ ಇಲ್ಲೇ ಹಚ್ಚಿ ಕಾರಿನಲ್ಲಿ ಕಳಿಸಿಬಿಡಬಹುದು. ಇನ್ನು ಕ್ರೀಮ್. ಹಲ್ಲಿಲ್ಲದವರಿಗೆ ಅದರಷ್ಟು ಹಿತವಾದದ್ದಿಲ್ಲ. ಆದರೆ ದಾರಿಯಲ್ಲಿ ನಿಲ್ಲುವುದಿಲ್ಲ.

“ಕ್ರೀಮ್ ಅಂದ್ರ ನಾನ ಹಾಲ್‌ಗೆ ಬಂದು ಅಲ್ಲೇ ಹಚ್ಚಬೇಕಾಗತೈತಿ. ಒಂದೂವರೆ ತಾಸಿನ ಕೆಲಸ.”

“ಬರ್ರಿ ಮತ್ತ! ಅದಕ್ಕೇನಾತು? ಕ್ರೀಮ್ ಪಕ್ಕಾ.”

ಅಮರಮ್ಮ ಚಹಾ ತಂದಳು. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಪಕ್ಕ ಅಂಬೇಡ್ಕರ್ ಫೋಟೊ. ಅವನ ಕಣ್ಣು ಅತ್ತ ಹೋಗಿ ಬಂದದ್ದನ್ನು ಯಶೋಧರಾ ಕಂಡಳು. ಎರಡು ವರ್ಷದ ಹಿಂದೆ ಒಬ್ಬರು ಅದೇ ಕುರ್ಚಿಯಲ್ಲಿ ಕೂತು, ಅದೇ ಗೋಡೆ ನೋಡಿ, ‘ಆಮ್ಯಾಲೆ ಫೋನ್ ಮಾಡ್ತೀವಿ’ ಎಂದು ಎದ್ದುಹೋದವರು ಇವತ್ತಿನವರೆಗೂ ಫೋನ್ ಮಾಡಿರಲಿಲ್ಲ. ಶಿವಕಾಂತ ಚಹಾ ಕುಡಿದ. “ಇನ್ನೊಂದು ಅರ್ಧ ಕಪ್ ಸಿಗತೈತೇನ್ರಿ ಅಮ್ಮಾರ?” ಎಂದು ಕೇಳಿ ಮತ್ತೂ ಕುಡಿದ.

ಆ ಅರ್ಧ ಕಪ್ಪೇ ಯಶೋಧರಾಳ ಲೆಕ್ಕ ತಪ್ಪಿಸಿದ್ದು.

*

ಎರಡು ದಿನಕ್ಕೆ ಫೋನ್ ಬಂತು. ಕ್ರೀಮ್ ಬೇಡ, ಫಾಂಡಂಟ್ ಇರಲಿ. ಆದರೆ ಫಾಂಡಂಟಿಗೆ ಜೆಲಟಿನ್ ಹಾಕುತ್ತಾರಂತಲ್ಲ, ಅದು ದನದ ಎಲುಬಿನದಂತೆ, ಅಜ್ಜಿ ಲಿಂಗ ಕಟ್ಟಿದವರು ಎಂದ. ನಾನು ಹಾಕುವುದು ಅಗರ್, ಅದು ಸಮುದ್ರದ ಪಾಚಿಯದು, ಹೆದರಬೇಡಿ ಎಂದು ಅವಳು ಹೇಳಿದಳು. ನಾಲ್ಕನೇ ದಿನಕ್ಕೆ ಅವನೇ ಬಂದ. ಸಿಂಧನೂರಿನಲ್ಲಿ ಬೇರೆ ಕೆಲಸವಿತ್ತು ಎಂದ. ಯಾವ ಕೆಲಸ ಎಂದರೆ ಹೇಳಲು ಬರಲಿಲ್ಲ. ಕೂತು, ಹರಟಿ, ಹೋಗುವಾಗ “ಕ್ರೀಮ್ ಪಕ್ಕಾ” ಎಂದ. ಊರು ಮುಟ್ಟಿ ಎರಡು ದಿನಕ್ಕೆ ಮತ್ತೆ ಫಾಂಡಂಟ್.

“ನಿಮಗ ಬ್ಯಾಸರ ಆಗತೈತೇನ್ರಿ?” ಒಂದು ಸಲ ಕೇಳಿದ್ದ.

“ಆಗದ ಏನ್ರಿ? ನಾನೂ ಮನುಷ್ಯಾಳು.”

“ನಮ್ಮ ಅಂಗಡ್ಯಾಗ ಒಬ್ಬೊಬ್ಬರು ಅರವತ್ತು ಸೀರಿ ಬಿಚ್ಚಿಸಿ, ಒಂದು ಕರ್ಚೀಫ್ ತಗೊಂಡು ಹೋಗ್ತಾರ. ನಾ ಒಂದು ಮಾತು ಅನ್ನಂಗಿಲ್ಲ. ನಕ್ಕೋತ ಮಡಚತೀನಿ.”

“ನೀವು ದೇವ್ರಂಥವರು. ನಾ ಅಲ್ಲ.”

“ಸಿಟ್ಟು ಬಂದಾಗ ನಿಮ್ಮ ಎಡಗಡೆ ಹುಬ್ಬು ಅಷ್ಟ ಮ್ಯಾಲೆ ಹೋಗತೈತ್ರಿ,” ಎಂದಿದ್ದ ಅವನು, ಪಾಪ್ಲಿನ್ ನೋಡಿದಷ್ಟೇ ಗಮನವಿಟ್ಟು. “ಬಲಗಡೇದು ಸುಮ್ನ ಇರತೈತಿ.”

ಅವನು ಹೋದ ಮೇಲೆ ಯಶೋಧರಾ ಕನ್ನಡಿಯ ಮುಂದೆ ನಿಂತು ಹುಬ್ಬು ಏರಿಸಿ ನೋಡಿದಳು. ನಿಜ. ಎಡಗಡೆಯದೊಂದೇ. ಮೂವತ್ತು ವರ್ಷದ ಹೆಂಗಸು ಕನ್ನಡಿಯ ಮುಂದೆ ಹೀಗೆ ನಿಲ್ಲುವುದೇ ಎಂದು ತನ್ನ ಮೇಲೆಯೇ ರೇಗಿ, ಹೋಗಿ ಪಾತ್ರೆ ತಿಕ್ಕಿದಳು.

*

ಆ ಸೋಮವಾರದ ಫೋನಿನ ನಂತರ ಗುರುವಾರದವರೆಗೆ ಕ್ರೀಮ್ ನಿಂತಿತ್ತು. ಗುರುವಾರ ಮಧ್ಯಾಹ್ನ ಅವನು ಖುದ್ದಾಗಿ ಬಂದ. ಇವತ್ತು ಅಂಗಿಯ ಇಸ್ತ್ರಿ ಸರಿಯಿರಲಿಲ್ಲ.

“ರಾಯಲ್ ಐಸಿಂಗ್ ಮಾಡಿದ್ರ ಹ್ಯಾಂಗ್ರಿ?”

ಯಶೋಧರಾ ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. “ರಾಯಲ್‌ಗೆ ಮೊಟ್ಟಿ ಬಿಳಿ ಬೇಕ್ರಿ.”

“ಮೊಟ್ಟಿ ಇಲ್ದಂಗ ಆಗಂಗಿಲ್ಲೇನು?”

“ಕಾಬೂಲಿ ಕಡ್ಲಿ ಕುದಿಸಿದ ನೀರು ನೊರಿ ಬರಿಸಿ ಮಾಡಬಹುದು. ಆದ್ರ...”

“ಹಾಂ! ಹಂಗ ಮಾಡ್ರಿ ಮತ್ತ!” ಅವನ ಮುಖ ಎಷ್ಟು ಹಗುರಾಯಿತೆಂದರೆ ಅವಳಿಗೆ ಗಾಬರಿಯಾಯಿತು. “ನೀವು ಅದನ್ನ ಇಲ್ಲೇ ಹಚ್ಚಿ ಒಣಗಿಸಿಬಿಡ್ರಿ. ಹಸನ್‌ಸಾಬ್‌ನ ಬಾಡಿಗಿ ಕಾರು ಕಳಸ್ತೀನಿ. ನೀವು ಅಷ್ಟು ದೂರ ಬರೂ ತ್ರಾಸ ಬ್ಯಾಡ.”

ಯಶೋಧರಾ ಅವನನ್ನೇ ನೋಡಿದಳು. ಎಂಬತ್ತು ವರ್ಷದ, ಒಂದೂ ಹಲ್ಲಿಲ್ಲದ ಅಜ್ಜಿ. ಅವಳ ಕೇಕಿಗೆ ಕಲ್ಲಿನಂಥ ಐಸಿಂಗ್. ಅಂಗಡಿಯಲ್ಲಿ ಸಾವಿರ ಬಗೆಯ ಬಟ್ಟೆಯ ಗುಣ ಹೇಳಬಲ್ಲ ಈ ಮನುಷ್ಯನಿಗೆ ಅಷ್ಟು ತಿಳಿಯದೆ? ಅವಳು ಹಿಂದಿನ ಎರಡು ವಾರಗಳನ್ನು ಒಂದೊಂದಾಗಿ ನೆನೆದಳು. ಇವತ್ತಿನವರೆಗೆ ಇಲ್ಲಿ ತನ್ನೆದುರು ಕೂತಾಗೆಲ್ಲ ಕ್ರೀಮ್. ಮಸ್ಕಿಯ ಮನೆ ಸೇರಿದ ಮೇಲೆ, ಮೊನ್ನೆ ಸೋಮವಾರ ಒಂದು ಬಿಟ್ಟರೆ, ಫಾಂಡಂಟ್. ಧೈರ್ಯ ಬಂದಾಗ ಕ್ರೀಮ್, ಇಳಿದಾಗ ಕಾರಿನಲ್ಲಿ ಕಳಿಸಬಹುದಾದ ಯಾವುದಾದರೊಂದು.

“ಶಿವಕಾಂತ್, ಒಂದು ಮಾತು ಖರೆ ಹೇಳ್ರಿ. ಕೇಕ್ ಯಾರು ಮಾಡಾಕತ್ತಾರಂತ ಮನ್ಯಾಗ ಹೇಳೀರೇನು?”

ಅವನು ಅಂಗಿಯ ಸುಕ್ಕು ನೀವತೊಡಗಿದ.

“ಸಿಂಧನೂರಾಗ ಒಂದು ಬೇಕರಿ ಅಂದೀನ್ರಿ.”

“ಇದು ಬೇಕರಿಯೇನು?”

“ಅಪ್ಪ ಕೇಳಿದ್ರು, ಯಾರ ಪೈಕಿ, ಯಾವ ಜಾತಿ ಅಂತ. ನಾ... ಗೊತ್ತಿಲ್ಲ ಅಂದೆ.”

ಯಶೋಧರಾಗೆ ಅಳು ಬರಲಿಲ್ಲ. ಎಡಹುಬ್ಬಂತೂ ಏರಲೇ ಇಲ್ಲ. ಅದನ್ನು ಕಂಡೇ ಅವನು ಹೆದರಿದ.

“ನನ್ನ ಹಾಲ್‌ಗೆ ಕರೆಯೂದು ನಿಮಗ ಬ್ಯಾಡಾಗೈತಿ. ಬ್ಯಾಡಾಗಿದ್ರ ಬ್ಯಾಡ ಅನ್ರಿ. ಎರಡು ವಾರದಿಂದ ಆ ತಪ್ಪು ಸಕ್ರಿ ಮ್ಯಾಲೆ, ಬೆಣ್ಣಿ ಮ್ಯಾಲೆ, ಬಿಸಿಲಿನ ಮ್ಯಾಲೆ, ಪಾಪ, ಆ ಅಜ್ಜಿ ಹಲ್ಲಿನ ಮ್ಯಾಲೆ ಯಾಕ ಹಾಕಾಕತ್ತೀರಿ?”

“ಬ್ಯಾಡಾಗಿಲ್ರಿ. ದೇವರಾಣಿ ಬ್ಯಾಡಾಗಿಲ್ಲ. ಹಾಲ್‌ನಾಗ ಯಾರರ ಏನರ ಅಂದ್ರ ನಿಮಗ...”

“ಅಂದ್ರ ಕೇಳಿಸ್ಕೊಳ್ಳಾಕಿ ನಾನು. ನಿಮಗೆಲ್ಲಿ ನೋವು?” ಅವಳು ಬಾಗಿಲು ತೆರೆದು ಹಿಡಿದಳು. “ಲಿಂಗಸೂಗೂರಾಗ ಭಾಳ ಬೇಕರಿ ಅದಾವ. ಅಲ್ಲಿ ತಗೊಳ್ರಿ. ಅವರು ಯಾರ ಪೈಕಿ ಅನ್ನೂದೂ ಕೇಳ್ಕೊಂಡ ಹೋಗ್ರಿ.”

ಅವನು ಹೊಸ್ತಿಲು ದಾಟಿ ತಿರುಗಿದ. ಏನೋ ಹೇಳುವವನಿದ್ದ. ಅವಳು ಬಾಗಿಲು ಹಾಕಿದಳು.

*

ಶುಕ್ರವಾರ ಫೋನ್ ಬರಲಿಲ್ಲ. ಯಶೋಧರಾ ‘ಮಸ್ಕಿ ಗಿರಾಕಿ’ಯನ್ನು ಅಳಿಸಲು ಹೋಗಿ, ‘ಅಳಿಸಬೇಕೇ?’ ಎಂದು ಫೋನ್ ಕೇಳಿದಾಗ ‘ಬೇಡ’ ಒತ್ತಿದಳು. ಆಮೇಲೆ ಫೋನಿನ ಮೇಲೂ ಸಿಟ್ಟು ಬಂತು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅಂಬಪ್ಪ ಕೇಳಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮಾತು ಕಡಿಮೆ.

“ಆ ಮಸ್ಕಿ ಕೇಕ್ ಏನಾತವ್ವ?”

“ರದ್ದಾತು.”

“ಕೇಕ್ ಅಷ್ಟ ರದ್ದಾತೋ?”

ಅವಳು ರೊಟ್ಟಿ ಚೂರು ಮಾಡುತ್ತಲೇ ಕೂತಳು. ಅಂಬಪ್ಪ ಅವಳ ತಟ್ಟೆಗೆ ಒಂದು ರೊಟ್ಟಿ ಹೆಚ್ಚು ಹಾಕಿದರು.

ಶನಿವಾರ ಹನ್ನೊಂದರ ಬಿಸಿಲಿಗೆ ಬಾಗಿಲು ಬಡಿದ ಸದ್ದಾಯಿತು. ಶಿವಕಾಂತ. ಗಡ್ಡ ಮಾಡಿಕೊಂಡಿರಲಿಲ್ಲ. ಒಳಗೆ ಬರುವುದಿಲ್ಲ ಎಂಬಂತೆ ಮೆಟ್ಟಿಲ ಕೆಳಗೇ ನಿಂತಿದ್ದ.

“ಕ್ರೀಮ್,” ಎಂದ.

“ಏನ್ರಿ?”

“ಕ್ರೀಮ್ ಕೇಕ್. ನೀವ ಹಾಲ್‌ಗೆ ಬಂದು ಹಚ್ಚಬೇಕು. ಮನ್ಯಾಗ ಹೇಳಿ ಬಂದೀನಿ.”

“ಏನು ಹೇಳೀರಿ?”

ಅವನು ಪಾಠ ಒಪ್ಪಿಸುವವನಂತೆ ಒಂದೇ ಉಸಿರಿಗೆ ಹೇಳಿದ. “ಕೇಕ್ ಮಾಡಾಕಿ ಹೆಸರು ಯಶೋಧರಾ, ಅಂಬಪ್ಪ ಮಾಸ್ತರ್ ಮಗಳು, ಅವರು ಬೌದ್ಧರು, ಅವರ ಮನ್ಯಾಗ ನಾ ಆರು ಸಲ ಚಹಾ ಕುಡದೀನಿ, ಅಕಿ ಹಾಲ್‌ಗೆ ಬರ್ತಾಳ, ಮತ್ತ ನಾ ಮದುವಿ ಅಂತ ಆದ್ರ ಅಕಿನ್ನ ಆಗಾಂವ, ಅಂತ ಹೇಳ್ದೆ.”

ಯಶೋಧರಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಕಡೀದು ಏನಂದ್ರಿ?”

“ಮದುವಿ ಅಂತ ಆದ್ರ...”

“ನನ್ನ ಕೇಳೀರೇನು?”

ಶಿವಕಾಂತ ಕಣ್ಣು ಪಿಳಿಪಿಳಿ ಬಿಟ್ಟ. ಅದು ಅವನಿಗೆ ಹೊಳೆದೇ ಇರಲಿಲ್ಲ.

“ಎರಡು ವಾರ! ಎರಡು ವಾರ ಒಂದು ಐಸಿಂಗ್ ಆರಿಸಾಕ ಆಗದ ಮನುಷ್ಯ, ಒಂದು ದಿನದಾಗ ಇಡೀ ಮನಿಗೆ ನನ್ನ ಮದುವಿ ಹೇಳಿ ಬಂದೀರಿ! ನಾ ಏನು ನಿಮ್ಮ ಅಂಗಡಿ ಥಾನಿನ ಬಟ್ಟಿಯೇನು, ಹರದು ಕೊಡಾಕ?”

“ಅಪ್ಪ ಮತ್ತ ಕೇಳಿದ್ರು, ‘ಯಾರ ಪೈಕಿ’ ಅಂತ. ಹೇಳಿದೆ. ‘ಅಕಿ ಪರವಾಗಿ ನಿನಗ್ಯಾಕ ಇಷ್ಟು ಉರಿ’ ಅಂದ್ರು. ಅದಕ್ಕ ಇದ್ದದ್ದು ಇದ್ದಂಗ ಬಾಯಿಂದ ಬಂದುಬಿಡ್ತು.” ಅವನ ದನಿ ಕುಗ್ಗಿತು. “ಅಪ್ಪ ತಾಟು ಬಿಟ್ಟು ಎದ್ರು. ನಿನ್ನಿಯಿಂದ ಮಾತಾಡಿಲ್ಲ. ಕಾಕಾ ಗುರುಬಸವ ನಾಳೆ ಬರಂಗಿಲ್ಲಂತ. ಮತ್ತ ಯಾರ್ಯಾರು ಬರಂಗಿಲ್ಲೋ ಗೊತ್ತಿಲ್ಲ.”

“ಅಜ್ಜಿ?”

“ಅಜ್ಜಿ ಒಂದ ಮಾತು ಕೇಳಿದ್ಲು. ‘ಕೇಕು ಮೆತ್ತಗಿರತೈತೇನು’ ಅಂತ.”

ಯಶೋಧರಾಗೆ ನಗಬೇಕೋ, ಇವನ ತಲೆಯ ಮೇಲೆ ಏನಾದರೂ ಎತ್ತಿಹಾಕಬೇಕೋ ತಿಳಿಯಲಿಲ್ಲ. ಬಿಸಿಲಲ್ಲಿ ನಿಂತವನ ಹಣೆಯಿಂದ ಬೆವರು ಹುಬ್ಬಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳುವ ಎಚ್ಚರವೂ ಇರಲಿಲ್ಲ.

“ಒಂದು ದಿನದಾಗ ಮೂರು ಅಂತಸ್ತಿನ ಕೇಕ್ ಹ್ಯಾಂಗಾಗತೈತಿ? ನಿಮಗ ಬುದ್ಧಿ ಐತೇನು?”

“ಸ್ಪಂಜ್ ಕೇಕ್ ಆಗೈತಿ,” ಒಳಗಿನಿಂದ ಅಮರಮ್ಮನ ದನಿ ಬಂತು. “ಮುಂಜಾನೆ ಐದಕ್ಕ ಎದ್ದು ಮೂರೂ ಬೇಯಿಸಿ ಇಟ್ಟಾಳ. ‘ಸುಮ್ನ ಮಾಡೀನಿ’ ಅಂತ.”

“ಯವ್ವಾ!”

ಶಿವಕಾಂತನ ಮುಖದಲ್ಲಿ ಮೂಡಿದ್ದನ್ನು ನೋಡಲು ಅವಳು ಸಿದ್ಧಳಿರಲಿಲ್ಲ. ಬೇಗ ಬೇಗ ಹೇಳಿದಳು. “ನಾಳೆ ಮುಂಜಾನೆ ಏಳಕ್ಕ ಕಾರು ಬರ್ಲಿ. ಬರಫ್ ಇಡಾಕ ದೊಡ್ಡ ಡಬ್ಬಿ ಇರ್ಲಿ. ಇನ್ನೊಂದು ವಿಷಯದ್ದು ನಾ ಏನೂ ಮಾತಾಡಂಗಿಲ್ಲ. ನನ್ನ ಕೇಳದ ವಿಷಯಕ್ಕ ನಾ ಉತ್ತರ ಕೊಡಂಗಿಲ್ಲ.”

*

ಭಾನುವಾರ ಹಸನ್‌ಸಾಬ್ ಕಾರನ್ನು ಮಗುವಿನ ತೊಟ್ಟಿಲು ತೂಗಿದಂತೆ ಓಡಿಸಿದ. ಹಿಂದಿನ ಸೀಟಿನಲ್ಲಿ ಯಶೋಧರಾ, ಅವಳ ಪಕ್ಕ ಐಸಿಂಗ್ ಇಲ್ಲದ ಬೋಳು ಕೇಕಿನ ಮೂರು ಡಬ್ಬಿ, ಕಾಲ ಬಳಿ ಮಂಜುಗಡ್ಡೆಯಲ್ಲಿ ಹುಗಿದ ಕ್ರೀಮ್. ಗುಂಡಿ ಬಂದಾಗೆಲ್ಲ ಹಸನ್‌ಸಾಬ್ “ಬಿಸ್ಮಿಲ್ಲಾ” ಎನ್ನುತ್ತಿದ್ದ, ಅವಳು ಡಬ್ಬಿ ತಬ್ಬಿಕೊಳ್ಳುತ್ತಿದ್ದಳು. ಮಸ್ಕಿಯಲ್ಲಿ ಬಟ್ಟೆ ಅಂಗಡಿಯ ಶಟರ್ ಇಳಿದಿತ್ತು.

ಲಿಂಗಸೂಗೂರಿನ ಹಾಲ್‌ನಲ್ಲಿ ಊಟದ ಕೋಣೆಯ ಮೂಲೆಗೆ ಒಂದು ಮೇಜು ಹಾಕಿಸಿದ್ದರು. ಇನ್ನೂರು ಕುರ್ಚಿಗಳಲ್ಲಿ ನೂರೈವತ್ತರಷ್ಟು ತುಂಬಿದ್ದವು. ಅವಳು ಒಳಗೆ ಬಂದಾಗ ಹತ್ತಿರದ ಹೆಂಗಸರ ಮಾತು ನಿಂತು, ಅವಳು ದಾಟಿದ ಮೇಲೆ ಮತ್ತೆ ಶುರುವಾಯಿತು. ಯಶೋಧರಾ ಏಪ್ರನ್ ಕಟ್ಟಿಕೊಂಡಳು. ಕೆಳಗಿನ ಅಂತಸ್ತಿನ ಡಬ್ಬಿ ತೆರೆದಳು.

ಕೆಳಗಿನ ಅಂತಸ್ತು ಮುಗಿಯಿತು, ನಡುವಿನದು ಅರ್ಧವಾಯಿತು, ಆಗ ಕರೆಂಟ್ ಹೋಯಿತು.

ಫ್ಯಾನ್ ನಿಂತವು. ಕೂಲರ್ ನಿಂತಿತು. ಐದು ನಿಮಿಷಕ್ಕೆ ಅವಳ ಕಣ್ಣೆದುರೇ ನಡುವಿನ ಅಂತಸ್ತಿನ ಕ್ರೀಮ್ ಸಡಿಲವಾಗಿ ಮೆಲ್ಲಗೆ ಜಾರತೊಡಗಿತು.

“ಜನರೇಟರ್?” ಎಂದಳು.

“ಡೀಸೆಲ್ ತರಾಕ ಹೋಗ್ಯಾರ್ರಿ,” ಎಂದ ಶಿವಕಾಂತ. ರೇಷ್ಮೆ ಅಂಗಿ ತೊಟ್ಟು ಬಾಗಿಲಲ್ಲಿ ಮಂದಿಗೆ ಕೈ ಮುಗಿಯುತ್ತಿದ್ದವನು ಓಡಿ ಬಂದಿದ್ದ.

“ಈಗ ತರಾಕ ಹೋಗ್ಯಾರೇನು? ಹಾಲ್ ಹಿಡಿಯೂ ಮುಂದ ಏನು ನೋಡಿದ್ರಿ, ಗ್ವಾಡಿ ಬಣ್ಣ?” ಅವಳು ಸ್ಟೀಲ್ ಬೋಗುಣಿಯನ್ನು ಅವನ ಎದೆಗೆ ದಬ್ಬಿದಳು. “ಬರಫಿನ ಮ್ಯಾಲೆ ಇದನ್ನ ಗಟ್ಟ್ಯಾಗಿ ಹಿಡೀರಿ. ಅಳ್ಳಾಡಿಸಬ್ಯಾಡ್ರಿ. ಆ ತೋಳು ಏರಸ್ಕೊಳ್ರಿ ಮೊದ್ಲು!”

ಅವನು ರೇಷ್ಮೆ ತೋಳು ಏರಿಸಿ, ಮಂಡಿಯೂರಿ ಕೂತು, ಬರಫಿನಲ್ಲಿ ಬೋಗುಣಿ ಹಿಡಿದ. ಅವಳು ತಣ್ಣಗಿನ ಕ್ರೀಮ್ ತೋಡಿ ತೋಡಿ ಹಚ್ಚಿದಳು. ಹತ್ತು ನಿಮಿಷಕ್ಕೆ ಅವನ ಬೆರಳು ಕೆಂಪಾದವು.

“ಕೈ ಸೆಟೆದಾವ್ರಿ.”

“ಸೆಟೆಯಲಿ.”

“ಮುಂದ ಅಂಗಡ್ಯಾಗ ಬಟ್ಟಿ ಹಿಡಿಯಾಕ ಬರದಂಗಾದ್ರ?”

“ಅಳತಿ ಪಟ್ಟಿ ಹಲ್ಲಾಗ ಹಿಡೀರಿ.”

ಅವನು ನಕ್ಕ. ಆ ನಗುವಿಗೆ ಇಡೀ ಹಾಲ್ ತಿರುಗಿ ನೋಡಿತು. ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದ ತಲೆಗೆ ಬಿಳಿ ಪಟಗ ಸುತ್ತಿದ ಹಿರಿಯರೊಬ್ಬರು ಮಾತ್ರ ಮೊದಲಿನಿಂದಲೂ ಇತ್ತಲೇ ನೋಡುತ್ತಿದ್ದರು. ಶಿವಶರಣಪ್ಪ. ಅಂಗಡಿಯ ಯಜಮಾನನಾಗಬೇಕಾದ ಮಗ ನೆಲದ ಮೇಲೆ ಮಂಡಿಯೂರಿ ಬೈಸಿಕೊಳ್ಳುತ್ತ ನಗುತ್ತಿರುವುದನ್ನು ಅವರು ಯಾವ ಕಣ್ಣಲ್ಲಿ ನೋಡುತ್ತಿದ್ದಾರೆಂದು ಯಶೋಧರಾಗೆ ತಿಳಿಯಲಿಲ್ಲ.

ಕೋಲೂರಿಕೊಂಡು ಅಜ್ಜಿ ಬಂದಳು. ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಒಣಗಿದ ಅಂಜೂರದಂಥ ಮುಖ. ಕುರ್ಚಿ ಎಳೆಸಿಕೊಂಡು ಮೇಜಿನ ಎದುರೇ ಕೂತಳು.

“ಅದೇನು ತಂಗಿ, ಕೆನಿಯೇನು?”

“ಹೂಂ ಅಜ್ಜಿ. ಕೆನಿ ಇದ್ದಂಗ. ಮೊಟ್ಟಿ ಇಲ್ಲ, ಏನಿಲ್ಲ.”

“ನಮ್ಮ ಹುಡುಗ ನಿನ್ನ ಹೆಸರು ಹೇಳಿ ಮನಿ ಎಬ್ಬಿಸ್ಯಾನ. ನೀ ಏನಂತಿ?”

ಯಶೋಧರಾಳ ಕೈ ನಿಂತಿತು. “ನಿಮಗೆಲ್ಲ ಹೇಳ್ಯಾರಂತ ಅಜ್ಜಿ. ನನ್ನ ಇನ್ನೂ ಕೇಳಿಲ್ಲ.”

ಅಜ್ಜಿ ಮೊಮ್ಮಗನನ್ನು ನೋಡಿದಳು. ಬೋಗುಣಿ ಹಿಡಿದ ಮೊಮ್ಮಗ ನೆಲ ನೋಡಿದ. ಹಲ್ಲಿಲ್ಲದ ಬಾಯಿ ಅಗಲಿಸಿ ಅಜ್ಜಿ ಸದ್ದಿಲ್ಲದೆ ನಕ್ಕಳು. ಆಮೇಲೆ ನಗು ಇಳಿದು, ಗಂಭೀರವಾಗಿಯೇ ಹೇಳಿದಳು. “ನನಗ ಸಂತೋಷ ಆಗೈತಿ ಅಂತ ಸುಳ್ಳು ಹೇಳಂಗಿಲ್ಲ ತಂಗಿ. ಈ ವಯಸ್ಸಿನಾಗ ಹೊಸಾದು ನುಂಗೂದು ತಡ ಆಗತೈತಿ. ಜರಾ ಟೈಮ್ ಕೊಡು.”

ಹೇಳಿ, ಯಾರೂ ತಡೆಯುವ ಮುಂಚೆ, ಕೆಳಗಿನ ಅಂತಸ್ತಿಗೆ ಬೆರಳು ಹಾಕಿ ಇಷ್ಟು ಕ್ರೀಮ್ ತೆಗೆದು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು.

“ಇದು ತಡ ಆಗಲಿಲ್ಲ ನೋಡು,” ಎಂದಳು.

*

ಕೇಕ್ ಕತ್ತರಿಸಿದರು. ಮಂದಿ ಚಪ್ಪಾಳೆ ತಟ್ಟಿದರು. ಹಂಚಿದಾಗ ಬಹಳ ಮಂದಿ ತಿಂದರು. ಕೆಲವರು ತಟ್ಟೆಯನ್ನು ಕೈಯಲ್ಲಿ ಹಿಡಿದು, ಯಾರೂ ನೋಡದಾಗ ಕುರ್ಚಿಯ ಕೆಳಗೆ ಇಟ್ಟರು. ಯಶೋಧರಾ ಎಣಿಸಬಾರದು ಎಂದುಕೊಂಡರೂ ಕಣ್ಣು ಎಣಿಸಿತು. ಹನ್ನೊಂದು. ಶಿವಶರಣಪ್ಪನವರ ತಟ್ಟೆ ಕಂಬದ ಪಕ್ಕದ ಕಿಟಕಿಯ ಮೇಲೆ ಮುಟ್ಟದೇ ಇತ್ತು.

ಅವಳು ಸಾಮಾನು ಡಬ್ಬಿಗೆ ತುಂಬತೊಡಗಿದಳು. ಆಗ ಪಂಕ್ತಿ ಶುರುವಾಗಿತ್ತು. ಬೀಗರು, ಸೋದರರು, ಮನೆಯ ಹಿರಿಯರು ಕೂರುವ ಮೊದಲ ಸಾಲು. ಶಿವಶರಣಪ್ಪ ಬಡಿಸುವವನನ್ನು ಕರೆದರು. ಅವಳತ್ತ ನೋಡಲಿಲ್ಲ. ಮಗನತ್ತಲೂ ನೋಡಲಿಲ್ಲ. ಎಲ್ಲರಿಗೂ ಕೇಳುವಂತೆ ಒರಟಾಗಿ ಅಂದರು.

“ಆ ಹುಡುಗಿ ಮುಂಜಾನಿಂದ ಉಂಡಿಲ್ಲ. ಇಲ್ಲಿ, ಅವ್ವನ ಬಾಜೂಕ ಎಲಿ ಹಾಕು.”

ಸಾಲಿನಲ್ಲಿ ಒಬ್ಬರು ಎದ್ದು ಹೋದರು. ಉಳಿದವರು ಕೂತೇ ಇದ್ದರು. ಯಶೋಧರಾ ಅಜ್ಜಿಯ ಪಕ್ಕ ಕೂತು ಹೋಳಿಗೆ ಉಂಡಳು. ರುಚಿ ತಿಳಿಯಲಿಲ್ಲ. ಅಜ್ಜಿ ಅವಳ ಎಲೆಗೆ ತುಪ್ಪ ಹಾಕಿಸಿದಳು, ಕೇಳದೆ.

ಊಟವಾಗಿ ಹಾಲ್‌ನ ಹಿಂದೆ ನಲ್ಲಿಯ ಹತ್ತಿರ ಬಂದಾಗ ಶಿವಕಾಂತ ಅಲ್ಲಿ ನಿಂತಿದ್ದ. ಬೇವಿನ ಗಿಡದ ನೆರಳು. ಅವನ ರೇಷ್ಮೆ ಅಂಗಿಯ ಮುಂಭಾಗವೆಲ್ಲ ಕ್ರೀಮ್. ಕೆಂಪು ಬೆರಳುಗಳನ್ನು ಇನ್ನೂ ಉಜ್ಜಿಕೊಳ್ಳುತ್ತಿದ್ದ.

“ಈಗ ಕೇಳ್ಲೇನ್ರಿ?”

“ಏನು?”

“ಕೇಳಬೇಕಾಗಿದ್ದು. ಮೊದಲ ಕೇಳಬೇಕಾಗಿತ್ತು, ತಪ್ಪಾತು.” ಅವನು ಉಸಿರೆಳೆದುಕೊಂಡ. “ಅಂಜಿದ್ದೆ. ಖರೆ ಹೇಳ್ತೀನಿ, ಇನ್ನೂ ಅಂಜಿಕಿ ಐತಿ. ಅಪ್ಪ ಎಲಿ ಹಾಕ್ಸ್ಯಾರ, ಕೇಕ್ ತಿಂದಿಲ್ಲ. ಕಾಕಾ ಬಂದಿಲ್ಲ. ಇದು ಒಂದು ದಿನಕ್ಕ ಮುಗಿಯೂದಲ್ಲ. ಆದ್ರ ಇನ್ನೊಮ್ಮೆ ನಿಮ್ಮ ಹೆಸರು ಮುಚ್ಚಿಡಂಗಿಲ್ಲ, ಎಲ್ಲೂ, ಯಾರ ಮುಂದೂ. ನನ್ನ ಮದುವಿ ಆಗ್ತೀರೇನು ಯಶೋಧರಾ?”

ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದಿದ್ದ. ಬೇವಿನ ಎಲೆಗಳ ನಡುವಿನಿಂದ ಬಿದ್ದ ಬಿಸಿಲು ಅವನ ಗಡ್ಡದ ಮೇಲೆ ಚುಕ್ಕೆ ಚುಕ್ಕೆಯಾಗಿ ಆಡುತ್ತಿತ್ತು. ಯಶೋಧರಾಗೆ ಈ ಮನುಷ್ಯನ ಮೇಲೆ ಹೇಳಲಾರದಷ್ಟು ಸಿಟ್ಟಿತ್ತು. ಈ ಸಿಟ್ಟಿಲ್ಲದ ಮನೆ ಇನ್ನು ತನಗೆ ಬರಿದೆನಿಸುತ್ತದೆ ಎಂಬುದೂ ಆ ಕ್ಷಣಕ್ಕೇ ತಿಳಿಯಿತು.

“ನಾಳೆ ನಮ್ಮನಿಗೆ ಬಂದು ನಮ್ಮಪ್ಪನ ಮುಂದ ಕೂಡಬೇಕು,” ಎಂದಳು. “ಅಪ್ಪ ಮಾತಾಡಂಗಿಲ್ಲ, ಬರೇ ನೋಡ್ತಾನ. ಅದು ಭಾಳ ಕಠಿಣ. ಅವ್ವ ಹತ್ತು ಪ್ರಶ್ನಿ ಕೇಳ್ತಾಳ. ನಾ ಮದುವಿ ಆದ ಮ್ಯಾಲೂ ಕೇಕ್ ಮಾಡಾಕಿನ. ಬುದ್ಧನ ಫೋಟೊ ನನ್ನ ಜೋಡಿ ಬರತೈತಿ.”

“ಬರ್ಲಿ. ಎಲ್ಲಾ ಬರ್ಲಿ. ಹಂಗಂದ್ರ ಹೂಂ ಅಂದಂಗೇನ್ರಿ?”

“ಯಪ್ಪಾ, ಇದನ್ನೂ ಬಿಡಿಸಿ ಹೇಳಬೇಕೇನು!” ಅವಳು ನಲ್ಲಿ ತಿರುಗಿಸಿ, ಅವನ ಮುಂಗೈ ಹಿಡಿದು ನೀರಿನ ಕೆಳಗೆ ಎಳೆದಳು. “ಹೂಂ. ಹೂಂ ಅಂದೆ. ಬಾ ಇಲ್ಲಿ, ನೀ ಮೊದ್ಲು ಕೈ ತೊಳ್ಕೊ.”

ನೀರು ಹರಿಯುತ್ತಲೇ ಇತ್ತು. ಅವನು ಕೈ ಉಜ್ಜುವುದನ್ನು ಮರೆತು ಅವಳ ಮುಖ ನೋಡುತ್ತಿದ್ದ.

“ಈಗ ಏನಂದ್ರಿ?”

“ಏನಂದೆ?”

“‘ನೀ’ ಅಂದ್ರಿ.”

ಯಶೋಧರಾಳ ಕೆನ್ನೆ ಬಿಸಿಯಾಯಿತು. ಎಡಹುಬ್ಬು ತನ್ನಷ್ಟಕ್ಕೆ ತಾನೇ ಮೇಲೇರಿತು.

“ಅಂದ್ರ ಅಂದೆ,” ಎಂದಳು, ಅವನ ಕೈ ಬಿಡದೆ. “ನೀನೂ ಅನ್ನು.”